ಯಾರ ಉಡಿಯಾಗ

ಹತ್ತು ಗಂಟೆಗೆ ಮೊದಲ ಚೀಲದ ಮಾದರಿ ಬರತೈತಿ,
ಚೀಟಿ ಮ್ಯಾಲ ದಲಾಲಿ ಅಂಗಡಿ ಹೆಸರು, ಲಾಟ್ ನಂಬರು.
ಪುಡಿ ಮಾಡಿ, ಚಿಟಿಕಿಯಷ್ಟು ತೂಗಿ, ಅಸಿಟೋನದಾಗ ನೆನಿಹಾಕಿ
ನಾಕನೂರಾ ಅರವತ್ತಕ್ಕ ಬೆಳಕು ಹಿಡೀತೀನಿ.
ಬ್ಯಾಡಗಿ ಕಾಯಿಗೆ ಖಾರ ಯಾರೂ ಕೇಳೂದಿಲ್ಲ.
ಬಣ್ಣ ಎಷ್ಟು ಬಂತ್ರೀ ಅಕ್ಕಾರ, ಅಂತಾರ.
ನಾ ಅಂಕಿ ಬರೀತೀನಿ.
ಅಂಕಿಯೊಳಗ ನಮ್ಮವ್ವನ ಸಾಲು ಕುಂತಿರತೈತಿ.

ತೊಟ್ಟು ಮುರಿಯೋ ಸಾಲು. ತಗಡಿನ ಶೆಡ್ಡು,
ಗೋಣಿತಾಟಿನ ಮ್ಯಾಲ ಇಪ್ಪತ್ತೆರಡು ಮಂದಿ.
ಫಕ್ಕೀರವ್ವ, ಹಜರತಬಿ ಒಂದು ಜೋಡಿ, ಇಬ್ಬರಿಗೂ ಒಂದ ಎಲಿಸಂಚಿ.
ಆಮ್ಯಾಲ ಒಂದು ಗೇಣು ಸಂದು.
ಗುತ್ತೆವ್ವ, ಸಾವಂತ್ರೆವ್ವ ಜೋಡಿ. ಮತ್ತ ಸಂದು.
ಹಿಂಗ ಗ್ವಾಡಿಯಿಂದ ಬಾಗಿಲತನಕ,
ಬಾಗಿಲ ಕಡೆ ತುದಿಗೆ, ಗಾಳಿ ಬರೂವಲ್ಲಿ, ಮುದುಕಿ ದುರಗವ್ವ,
ಸುದ್ದಿ, ಸುಣ್ಣ, ಕೂಸು, ಎಲ್ಲಾ ತನ್ನ ಕಡೇನ ಎಳಕೊಳ್ಳಾಕಿ.

ಆ ಕೂಸು ನಾನ.
ಅವ್ವನ ಕೈ ಉರಿ, ಎಲ್ಲಾರ ಕೈಯೂ ಉರಿ.
ಅಂಗೈ ತಾಗಿಸದ, ಮುಂಗೈ ಮ್ಯಾಲ ಎತ್ತಿ
ಒಬ್ಬಾಕಿ ಉಡಿಯಿಂದ ಒಬ್ಬಾಕಿ ಉಡಿಗೆ ದಾಟಸ್ತಿದ್ರಂತ.
ಒಂದಿನ ಅಂಗನವಾಡಿ ಬಾಯಾರು ವಹಿ ಹಿಡಕೊಂಡು ಬಂದು
ಇದು ಯಾರ ಕೂಸು ಅಂದ್ರು.
ನಾ ಹದಿನಾಕನೇ ಉಡಿಯಾಗ ಇದ್ನೋ, ಹದಿನೈದನೇದ್ರಾಗೋ,
ಈಗ ಯಾರಿಗೂ ನೆನಪಿಲ್ಲ.
ಹಾಲು ಕುಡಿಸಿದಾಕಿ ಒಬ್ಬಾಕಿ, ಕುಂಡಿ ತೊಳದಾಕಿ ಮತ್ತೊಬ್ಬಾಕಿ,
ಬೇಕಾದ್ದು ಬರಕೋರ್ರಿ, ಅಂತ ಶೆಡ್ಡಿಗೆ ಶೆಡ್ಡ ನಕ್ಕಿತಂತ.
ಬಾಯಾರು ಒಂದ ಹೆಸರು ಬರಕೊಂಡ್ರು.
ವಹಿಯಾಗ ಜಾಗ ಅಷ್ಟ ಇತ್ತು.

ಹಾವೇರಿ ಕಾಲೇಜಿನಾಗ ಮುದಕಣ್ಣವರ ಸರ್
ಬೆಂಜೀನಿನ ಆರು ಮೂಲಿ ಬರದ್ರು, ಎರಡು ಸಲ,
ನಡುವ ಎರಡೂ ಕಡೆ ಮಾರಿ ಇರೋ ಬಾಣ.
ಈಗ ಇದು, ಗಳಿಗಿ ಬಿಟ್ಟು ಅದು, ಹೌದಿಲ್ರಿ ಸರ್, ಅಂದೆ.
ಸರ್ ಅಂಗಿಗೆ ಕೈ ಒರಿಸಿದ್ರು.
"ಅಲ್ಲವಾ. ಜಿಗಿದಾಡೂದಲ್ಲ ಅದು. ಎರಡೂ ಚಿತ್ರ ಸುಳ್ಳು.
ಖರೇದ್ದು ಒಂದ ಚಿತ್ರದಾಗ ಬರಿಯಾಕ ನಮಗ ಬರೂದಿಲ್ಲ,
ಅದಕ್ಕ ಎರಡು ಸುಳ್ಳು ಬರದು ನಡುವ ಬಾಣ ಇಡತೀವಿ."
ಹಿಂದಿನ ಬೆಂಚಿನವರು ನಕ್ರು.
ನಾ ಆ ಬಾಣಾನ ನೋಡಕೋತ ಕುಂತೆ.

ಕಾಯಿಯೊಳಗಿನ ಕೆಂಪಿಗೂ ಅಂಥಾದ್ದ ಒಂದು ಸಾಲು ಐತಿ:
ಜೋಡಿ, ಸಂದು, ಜೋಡಿ, ಸಂದು, ಹನ್ನೊಂದು ಜೋಡಿ,
ತುದಿಗೆ ಆಮ್ಲಜನಕ, ದುರಗವ್ವನಂಗ.
ಮೂರ ಜೋಡಿ ಇದ್ರ ನೀರಿನಂಗ, ಬಣ್ಣ ಇಲ್ಲ.
ಸಾಲು ಉದ್ದ ಆದಂಗ, ಯಾರ ಪಾಲಿಗೂ ಬೀಳದ ಎಲೆಕ್ಟ್ರಾನು
ಎಲ್ಲಾರ ಉಡಿಯಾಗೂ ಒಮ್ಮೆಲೆ ಮಲಗಿದಾಗ,
ನೀಲಿ ನುಂಗಿ ಕೆಂಪು ತಿರುಗಿ ಕೊಡತೈತಿ.

ಮೊನ್ನೆ ಗುರುವಾರ, ಅಂಗಳದಾಗ ಬಿಸಲಿಗೆ ಮರತು ಬಿಟ್ಟ ಚೀಲದ್ದು ಬಂತು.
ಒಣಾ ಜೋಳದ ಸೊಪ್ಪಿನ ಬಣ್ಣ. ಅಂಕಿ ಅರ್ಧಕ್ಕ ಇಳದಿತ್ತು.
ಕಾಯಿ ಅದ ಐತಲ್ಲ, ತೂಕಾನೂ ಅಷ್ಟ ಐತಿ, ಅಂತ ಸಾಹುಕಾರ ಜಗಳ ತಗದ.
ತೂಕ ಅಷ್ಟ, ಖರೆ.
ನಡುವ ಎಲ್ಲೋ ಒಂದು ಜೋಡಿ ಕೈ ಬಿಟ್ಟೈತಿ,
ಇತ್ತಲಾವು ಇತ್ತ, ಅತ್ತಲಾವು ಅತ್ತ.
ಅವಂಗ ಹೆಂಗ ಹೇಳೂದು?
ಶೆಡ್ಡಿನಾಗ ಈಗ ತೊಟ್ಟು ಕತ್ತರಿಸೋ ಮಿಷನ್ ಬಂದೈತಿ.

ಸಂಜಿಗೆ ಮೋಟೆಬೆನ್ನೂರ ಸ್ಟ್ಯಾಂಡಿನಾಗ ಹಜರತಬಿ ಸಿಕ್ಲು.
ಕಣ್ಣು ಮಬ್ಬು. ದನಿ ಮ್ಯಾಲ ಗುರ್ತು ಹಿಡದು
ಹತ್ರ ಕರದು, ಗಲ್ಲ ಸವರಿದ್ಲು,
ಮುಂಗೈಲೆ.
ಆಕಿ ಕಾಯಿ ಮುಟ್ಟಿ ಒಂಬತ್ತು ವರ್ಷ ಆತು.
ಅಂಗೈ ಇನ್ನೂ ಹಿಂದಕ್ಕ ಮಡಚೇ ಇತ್ತು.